ಎಡಮುಖ, ಬಲಮುಖ

ನಮ್ಮೂರಿನ ಹಳೆಯ ಅರಮನೆಯಲ್ಲಿ ಈಗ ಉಳಿದಿರುವುದು ಒಂದು ಸಭಾಮಂಟಪ, ಅದರ ಹಿಂಗೋಡೆಯ ತುಂಬ ಒಂದು ಚಿತ್ರ. ಚಿತ್ರದ ನಡುವೆ ಖಾಲಿ ಸಿಂಹಾಸನ. ಅದರ ಬುಡದಲ್ಲಿ ಬಿಳಿಯ ವಸ್ತ್ರ ಹೊದ್ದು ಮಲಗಿದ ಸತ್ತ ಅರಸ. ಸಿಂಹಾಸನದ ಬಲಕ್ಕೆ ಅರಸನ ಒಬ್ಬಳೇ ಮಗಳು, ಅಪ್ಪ ಕೊಟ್ಟ ಮುದ್ರೆಯುಂಗುರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಿದ್ದಾಳೆ. ಎಡಕ್ಕೆ ಅರಸನ ತಮ್ಮನ ಮಗ, ಈಗಷ್ಟೇ ಕುದುರೆಯಿಂದ ಇಳಿದವನು, ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹುಬ್ಬೇರಿಸಿ ನಿಂತಿದ್ದಾನೆ. ಯಾರು ಗೆದ್ದರು ಎಂದು ಚಿತ್ರ ಹೇಳುವುದಿಲ್ಲ. ಬರೆದವನು ಇಬ್ಬರನ್ನೂ ಸಿಂಹಾಸನದಿಂದ ಸರಿಸಮ ದೂರದಲ್ಲಿ ನಿಲ್ಲಿಸಿದ್ದಾನೆ. ತನ್ನ ತಲೆ ತನ್ನ ಕುತ್ತಿಗೆಯ ಮೇಲೇ ಇರಲಿ ಎಂಬ ಆಸೆ ಆ ಬಡಪಾಯಿಗೂ ಇದ್ದಿರಬೇಕು.

ಜಗಳ ನಡೆದು ಎಷ್ಟೋ ತಲೆಮಾರು ಕಳೆಯಿತು. ರಾಜ್ಯ ಹೋಯಿತು, ಕೋಟೆಯ ಕಲ್ಲುಗಳು ಜನರ ಮನೆಯ ಪಾಯ ಸೇರಿದವು. ಆದರೆ ಆ ಇಬ್ಬರ ಮುಖಗಳು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಮುಖ ಹೊತ್ತವರು ತೀರಿಕೊಂಡರೆ ಕೆಲವು ದಿನ ಕಳೆದು ಅದು ಊರಿನ ಇನ್ನೊಬ್ಬರಿಗೆ ಬರುತ್ತದೆ. ಮಲಗುವಾಗ ಇದ್ದ ಮುಖ ಏಳುವಾಗ ಇರುವುದಿಲ್ಲ, ಗೋಡೆಯ ಮೇಲಿನ ಮುಖ ಇರುತ್ತದೆ, ಅಷ್ಟೇ. ಗಂಡು ಹೆಣ್ಣು ಎಂಬ ಭೇದವನ್ನೂ ಅದು ನೋಡುವುದಿಲ್ಲ. ಹಿಂದೊಮ್ಮೆ ಕುಲುಮೆಯ ಈರಯ್ಯನಿಗೆ ಅರಸುಮಗಳ ಮುಖ ಬಂದಿತ್ತಂತೆ. ಜನ ಒಂದು ದಿನ ನಕ್ಕರು, ಮರುದಿನ ಅವನ ಮುಂದೆ ತಮ್ಮ ವ್ಯಾಜ್ಯ ತಂದು ಕೂತರು.

ಪೇಟೆಬೀದಿ ಊರನ್ನು ಎರಡಾಗಿ ಸೀಳುತ್ತದೆ. ಒಂದು ಕಡೆ ಎಡಗೇರಿ, ಇನ್ನೊಂದು ಕಡೆ ಬಲಗೇರಿ. ತಮ್ಮನ ಮಗನ ಮುಖ ಬಂದವರನ್ನು ಎಡಮುಖ ಅನ್ನುತ್ತೇವೆ, ಅವರು ಎಡಗೇರಿಯ ದೊಡ್ಡಮನೆಯಲ್ಲಿ ಕೂತು ಆ ಕೇರಿಯ ನ್ಯಾಯ ಹೇಳಬೇಕು. ಅರಸುಮಗಳ ಮುಖ ಬಂದವರು ಬಲಮುಖ, ಅವರಿಗೆ ಬಲಗೇರಿಯ ದೊಡ್ಡಮನೆ. ಎರಡು ಮುಖಗಳು ಒಂದೇ ಸೂರಿನ ಕೆಳಗೆ ಇರಕೂಡದು, ಪರಸ್ಪರ ಮಾತಾಡಕೂಡದು. ಯಾಕೆ ಎಂದು ಯಾರೂ ಕೇಳಿದವರಿಲ್ಲ. ಜಗಳ ಇನ್ನೂ ನಡೆಯುತ್ತಿದೆಯಲ್ಲ!

ನಾನು ಮರಿಬಸಪ್ಪ. ಪೇಟೆಬೀದಿಯಲ್ಲಿ ಶಾಮಿಯಾನ, ಕುರ್ಚಿ, ಅಡುಗೆಯ ಹಂಡೆ ಕೊಪ್ಪರಿಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಹುಟ್ಟಿದ್ದು ಎಡಗೇರಿಯಲ್ಲಿ. ನನ್ನ ಮೂಗು ಸ್ವಲ್ಪ ದೊಡ್ಡದು. ಚಿಕ್ಕಂದಿನಲ್ಲಿ ಯಾರೋ ಪುಣ್ಯಾತ್ಮರು, ಇವನ ಮೂಗು ಥೇಟ್ ಗೋಡೆಯ ಮೇಲಿನ ರಾಜಕುಮಾರನ ಮೂಗು ಅಂದುಬಿಟ್ಟರು. ಆ ಒಂದು ಮಾತು ನನ್ನನ್ನು ಹಾಳುಮಾಡಿತು. ಅವನ ಹಾಗೆ ಮೀಸೆ ಬಿಟ್ಟೆ. ಕನ್ನಡಿಯ ಮುಂದೆ ನಿಂತು ಎಡ ಹುಬ್ಬೊಂದನ್ನೇ ಏರಿಸುವುದನ್ನು ಕಲಿತೆ. ಮೆಟ್ಟಿಲು ಕಂಡರೆ ಸಾಕು, ಒಂದು ಕಾಲು ಮೇಲಿಟ್ಟು ನಿಲ್ಲುತ್ತಿದ್ದೆ. ಮದುವೆಮನೆಗಳಲ್ಲಿ ವರನಿಗೆಂದು ಒಯ್ದ ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ, ವರ ಬರುವ ಮುಂಚೆ ಒಂದು ಗಳಿಗೆ ನಾನೇ ಕೂತು ನೋಡುತ್ತಿದ್ದೆ. ಎಡಮುಖ ಆಗುವುದಕ್ಕೆ ಇಡೀ ಊರಿನಲ್ಲಿ ನನಗಿಂತ ಸಿದ್ಧನಾದವನು ಇರಲಿಲ್ಲ. ಸಿಂಹಾಸನದ ಹಕ್ಕು ತಮ್ಮನ ಮಗನದೇ ಹೇಗೆ ಎಂಬುದನ್ನು ಅಂಗಡಿಗೆ ಬಂದವರಿಗೆಲ್ಲ ವಿವರಿಸುತ್ತಿದ್ದೆ. ಅವರು ಬಂದಿದ್ದು ಕೊಪ್ಪರಿಗೆ ಕೇಳುವುದಕ್ಕೆ.

ನನ್ನ ಹೆಂಡತಿ ಚೆನ್ನಾಜಿ ಬಲಗೇರಿಯ ಮಗಳು. ಅವಳಿಗೆ ಈ ವಿಷಯದಲ್ಲಿ ಯಾವ ಅಭಿಪ್ರಾಯವೂ ಇಲ್ಲ ಎಂದು ನಾನು ತಿಳಿದಿದ್ದೆ. ಕೇಳಿ ತಿಳಿದಿದ್ದಲ್ಲ, ಹಾಗೇ ತಿಳಿದಿದ್ದೆ.

ಆ ಬೇಸಿಗೆಯಲ್ಲಿ ಎಡಮುಖವಾಗಿದ್ದ ಮುದುಕರು ತೀರಿಕೊಂಡರು. ಅವರ ಹಿಂದೆಯೇ ಬಲಮುಖವಾಗಿದ್ದ ನಿವೃತ್ತ ಸೂಲಗಿತ್ತಿಯೂ ಹೋದಳು. ಎರಡು ಮುಖಗಳೂ ಒಟ್ಟಿಗೆ ಖಾಲಿಯಾಗಿದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ. ನಾನು ಮೀಸೆಗೆ ಹರಳೆಣ್ಣೆ ಹಚ್ಚಿಕೊಂಡು ಕಾದೆ.

ಒಂದು ಬೆಳಿಗ್ಗೆ ಎದ್ದಾಗ ಮೂಗಿನ ಕೆಳಗೆ ತಣ್ಣಗೆ ಗಾಳಿ ಆಡಿದಂತಾಯಿತು. ದಿಂಬಿನ ಮೇಲೆ ನನ್ನ ಮೀಸೆ ಜೀರಿಗೆ ಚೆಲ್ಲಿದಂತೆ ಬಿದ್ದಿತ್ತು. ಕೆನ್ನೆ ಮುಟ್ಟಿಕೊಂಡೆ, ನುಣ್ಣಗಿತ್ತು. ಮೂಗು ಮುಟ್ಟಿಕೊಂಡೆ. ಅಷ್ಟು ವರ್ಷ ಸಾಕಿದ ಮೂಗು ಎಲ್ಲಿ ಹೋಯಿತೋ, ಆ ಜಾಗದಲ್ಲಿ ಸಂಪಿಗೆ ಮೊಗ್ಗಿನಂಥದ್ದೊಂದು ಇತ್ತು. ಕನ್ನಡಿಯಲ್ಲಿ ಅರಸುಮಗಳು ನನ್ನನ್ನೇ ನೋಡುತ್ತಿದ್ದಳು, ನನ್ನ ಹಳೆಯ ಬನಿಯನ್ ಹಾಕಿಕೊಂಡು.

“ಚೆನ್ನಾಜೀ!” ಎಂದು ಕೂಗಿದೆ. ದನಿ ಮಾತ್ರ ನನ್ನದೇ ಇತ್ತು.

ಅಡುಗೆಮನೆಯಿಂದ ಅವಳು ಹೊರಗೆ ಬಂದಳು. ಕೈಯಲ್ಲಿ ರೊಟ್ಟಿಯ ಹಿಟ್ಟು. ಮುಖದ ಮೇಲೆ ನಾನು ಚಿಕ್ಕಂದಿನಿಂದ ಬೇಡಿಕೊಂಡ ಅದೇ ಮೂಗು, ಅದೇ ಗಲ್ಲ. ಎಡ ಹುಬ್ಬು ತಾನಾಗಿಯೇ ಮೇಲಕ್ಕೆ ಏರಿತ್ತು. ಕಲಿಯದೆಯೇ!

ಅವಳು ಹಿಟ್ಟಿನ ಕೈಯಿಂದಲೇ ಆ ಮೂಗನ್ನು ಮುಟ್ಟಿ ನೋಡಿಕೊಂಡಳು.

“ನಿಮಗೆ ಬರ್ಬೇಕಾಗಿದ್ದು ನನಗೆ ಬಂದ್ಬಿಟ್ಟಿದೆ ಅನ್ಸುತ್ತೆ,” ಎಂದಳು ಚೆನ್ನಾಜಿ, ಪಕ್ಕದ ಮನೆಯ ಹಾಲು ನಮ್ಮ ಪಾತ್ರೆಗೆ ಬಿದ್ದಿದೆ ಎನ್ನುವ ಹಾಗೆ. “ಬದಲಾಯಿಸ್ಕೊಳ್ಳೋ ಹಾಗಿದ್ರೆ ಕೊಟ್ಬಿಡ್ತಿದ್ದೆ. ಮೊದಲು ರೊಟ್ಟಿ ತಿನ್ನಿ, ಆರಿಹೋಗುತ್ತೆ.”

ರೊಟ್ಟಿ ತಿನ್ನುವಷ್ಟರಲ್ಲಿ ಸುದ್ದಿ ಹರಡಿತು. ಎಡಗೇರಿಯ ಹಿರಿಯ ತೋಂಟಪ್ಪ ಶಾಲು ಹೊದ್ದು ಬಂದರು. ಅವರು ನನ್ನ ಹತ್ತಿರ ಬರುತ್ತಿದ್ದಾರೆಂದು ಎದ್ದುನಿಂತೆ. ಅವರು ನನ್ನನ್ನು ದಾಟಿ ಹೋಗಿ ಚೆನ್ನಾಜಿಗೆ ಕೈಮುಗಿದರು. ಬಲಗೇರಿಯಿಂದ ಬಂದವನು ಚೆನ್ನಾಜಿಯ ತಮ್ಮ ಷಡಕ್ಷರಿ. ಆ ಕೇರಿಯ ಯಜಮಾನಿಕೆ ಅವನದು. ಮದುವೆಯಾದಾಗಿನಿಂದ ನನ್ನನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೇ. ಈಗ ನನ್ನ ಮುಂದೆ ತಲೆಬಾಗಿ, “ದೊಡ್ಡಮನೆಗೆ ಬರಬೇಕು, ತಾಯಿ,” ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡು, “ಭಾವ,” ಎಂದು ತಿದ್ದಿದ.

ಹೀಗೆ ನಾನು ನನ್ನ ಮಾವನ ಕೇರಿಗೆ ಹೋದೆ, ಅವಳು ನನ್ನ ಅಪ್ಪನ ಕೇರಿಯಲ್ಲಿ ಉಳಿದಳು. ಬಟ್ಟೆ ಗಂಟು ಕಟ್ಟಿಕೊಟ್ಟವಳು ಅವಳೇ. “ತಣ್ಣೀರು ಸ್ನಾನ ಮಾಡ್ಬೇಡಿ,” ಎಂದಳು. ಅದೇ ಅವಳ ಕೊನೆಯ ಮಾತು. ಆಮೇಲೆ ನಿಯಮ ಬಂತು.

ನಾನು ದುಃಖದಿಂದ ಇದ್ದೆ ಎಂದು ಹೇಳಿದರೆ ನಿಮಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರುತ್ತದೆ. ನಿಜ ಏನೆಂದರೆ, ಬಲಗೇರಿಯ ಜನ ನಾನು ಬಂದಾಗ ಎದ್ದುನಿಲ್ಲುತ್ತಿದ್ದರು. ನಾನು ಕೆಮ್ಮಿದರೂ ಅದರಲ್ಲಿ ಏನೋ ಅರ್ಥವಿದೆ ಎಂದು ಕಾಯುತ್ತಿದ್ದರು. ಒಂದು ವಾರದೊಳಗೆ ನನ್ನ ಮೀಸೆಯ ದುಃಖ ಮರೆತುಹೋಯಿತು. ಎರಡನೆಯ ವಾರಕ್ಕೆ, ಸಿಂಹಾಸನದ ಹಕ್ಕು ಮಗಳದೇ ಎಂಬುದು ಎಷ್ಟು ಸ್ಪಷ್ಟವಾಗಿದೆ ಎಂದು ನನಗೇ ಆಶ್ಚರ್ಯವಾಗತೊಡಗಿತು. ಅಪ್ಪ ಉಂಗುರ ಕೊಟ್ಟಿದ್ದಾನೆ, ಕೈಯಲ್ಲೇ ಇದೆ, ಕಣ್ಣಿದ್ದವರಿಗೆ ಕಾಣುತ್ತದೆ! ಇಷ್ಟು ವರ್ಷ ಅಂಗಡಿಯಲ್ಲಿ ಕೂತು ಆ ಕುದುರೆಯವನ ಪರವಾಗಿ ಯಾವ ಮೂರ್ಖ ವಾದಿಸುತ್ತಿದ್ದನೋ ಅವನ ಮೇಲೆ ನನಗೆ ಕೋಪ ಬಂತು.

ನ್ಯಾಯವನ್ನೂ ಹೇಳಿದೆ. ಮೊದಲು ಬಂದದ್ದು ಅಕ್ಕಪಕ್ಕದ ಇಬ್ಬರ ಹುಣಸೆಮರದ ಜಗಳ. ಕಣ್ಣು ಮುಚ್ಚಿ ಯೋಚಿಸಿ, “ಮರ ಒಬ್ಬನಿಗೆ, ನೆರಳು ಇನ್ನೊಬ್ಬನಿಗೆ,” ಎಂದೆ. ಕೂತವರು ತಲೆದೂಗಿದರು. ನನ್ನ ತೀರ್ಪಿಗೆ ನಾನೇ ಬೆರಗಾದೆ. ಸಂಜೆಯ ಹೊತ್ತಿಗೆ ನೆರಳು ಮೂರನೆಯವನ ಅಂಗಳಕ್ಕೆ ಹೋಯಿತು. ಮರುದಿನ ಇಬ್ಬರ ಜಾಗದಲ್ಲಿ ಮೂವರು ಬಂದು ಕೂತಿದ್ದರು.

ಅತ್ತ ಎಡಗೇರಿಯಲ್ಲಿ ಚೆನ್ನಾಜಿಯ ನ್ಯಾಯ ಬೇರೆ ತರಹದ್ದಾಗಿತ್ತು. ಅವಳು ತೀರ್ಪನ್ನೇ ಹೇಳುತ್ತಿರಲಿಲ್ಲವಂತೆ. ಒಂದು ರುಬ್ಬುಗುಂಡಿಗಾಗಿ ಮಾತುಬಿಟ್ಟ ಅಕ್ಕತಂಗಿಯರು ಬಂದಾಗ, “ಯಾವತ್ತಿಂದ ಮಾತಾಡಿಲ್ಲ? ಅದಕ್ಕಿಂತ ಮುಂಚೆ ಏನಾಯ್ತು? ಅದಕ್ಕಿಂತ ಮುಂಚೆ?” ಎಂದು ಕೇಳುತ್ತಾ ಹೋದಳಂತೆ. ಕೇಳುತ್ತಾ ಕೇಳುತ್ತಾ ವಿಷಯ ರುಬ್ಬುಗುಂಡನ್ನು ಬಿಟ್ಟು, ಅಮ್ಮ ಸಾಯುವಾಗ ಯಾರು ಹತ್ತಿರ ಇದ್ದರು ಎಂಬಲ್ಲಿಗೆ ಹೋಗಿ ಮುಟ್ಟಿತಂತೆ. ಇಬ್ಬರೂ ಅತ್ತರು. ರುಬ್ಬುಗುಂಡು ಎಲ್ಲಿತ್ತೋ ಅಲ್ಲೇ ಉಳಿಯಿತು, ಅದರ ನೆನಪು ಯಾರಿಗೂ ಬರಲಿಲ್ಲ. ಆಮೇಲೆ ಬಲಗೇರಿಯವರು ಹಿತ್ತಿಲ ಸಂದಿಯಿಂದ ಎಡಗೇರಿಗೆ ನುಸುಳುವುದಕ್ಕೆ ಶುರುಮಾಡಿದರು. ಒಂದು ದಿನ ಷಡಕ್ಷರಿಯ ಚಪ್ಪಲಿಯಲ್ಲಿ ಎಡಗೇರಿಯ ಕೆಮ್ಮಣ್ಣು ಕಂಡೆ.

“ನೀನೂ ಹೋಗಿದ್ಯಾ?”

“ಅಕ್ಕ ಅಲ್ವಾ ಭಾವ,” ಎಂದ ತಲೆ ಕೆರೆದುಕೊಂಡು. “ಸುಮ್ನೆ ಯೋಗಕ್ಷೇಮ...”

“ಅವಳು ಎಡಮುಖ. ನಿನ್ನ ಅಕ್ಕ ಅಲ್ಲ.”

“ಹುಣಸೆಮರದ್ದೂ ಒಂದು ಮಾತು ಕೇಳ್ಕೊಂಡು ಬಂದೆ,” ಎಂದ.

ನನಗೆ ಉರಿದುಹೋಯಿತು. ಆಗಲೇ ಗೋಡೆಯ ವಿಷಯ ಎದ್ದಿದ್ದು.

ಸಭಾಮಂಟಪದ ಹಿಂಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಸತ್ತ ಅರಸನ ಕಾಲಿನಿಂದ ಹೊರಟು ಸಿಂಹಾಸನದ ಬೆನ್ನಿನವರೆಗೆ ಏರಿತ್ತು. ಗಾರೆ ಉಬ್ಬಿ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ರಿಪೇರಿ ಆಗಲೇಬೇಕು ಎಂಬುದರಲ್ಲಿ ಎರಡೂ ಕೇರಿಗೆ ಒಂದೇ ಮಾತು. ಆದರೆ ಕೆಲಸ ಯಾವ ಕಡೆಯಿಂದ ಶುರುವಾಗಬೇಕು? ಹಕ್ಕು ಯಾರದೋ ಅವರ ಕಡೆಯಿಂದ. ತೋಂಟಪ್ಪ ಎಡದಿಂದ ಎಂದರು. ನಾನು ಬಲದಿಂದ ಎಂದೆ. ಚೆನ್ನಾಜಿ ಮೂರನೆಯವರ ಬಾಯಲ್ಲಿ ಹೇಳಿಕಳಿಸಿದಳು: “ಬಿರುಕು ನಡುವೆ ಇದೆ, ನಡುವಿನಿಂದ ಶುರುಮಾಡೋಣ.”

ಎಂಥ ಸರಳ ಮಾತು! ಅದಕ್ಕೇ ನನಗೆ ಒಪ್ಪಿಗೆಯಾಗಲಿಲ್ಲ. ನಡುವಿನಿಂದ ಶುರುಮಾಡಿದರೆ ಬುದ್ಧಿ ಅವಳದಾಗುತ್ತದೆ. “ಅರಸುಮಗಳ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ನನಗಿಲ್ಲ,” ಎಂದು ಹೇಳಿಕಳಿಸಿದೆ. ಆ ವಾಕ್ಯವನ್ನು ಕೂಡಿಸುವುದಕ್ಕೆ ಒಂದು ಮಧ್ಯಾಹ್ನ ಹಿಡಿದಿತ್ತು. ಬಲಗೇರಿ ಚಪ್ಪಾಳೆ ತಟ್ಟಿತು. ಅವಳ ಉತ್ತರವೂ ಬಂತು. “ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಹಾಕೋ ಅಧಿಕಾರ ಇತ್ತಲ್ಲ, ಅದು ಎಲ್ಲಿಂದ ಬಂದಿತ್ತು ಅಂತ ಕೇಳಿ.” ಮಾತು ಹೊತ್ತು ತಂದವನು ಅದನ್ನು ತುಂಬಿದ ಸಭೆಯಲ್ಲೇ ಒಪ್ಪಿಸಿದ.

ಹೀಗೆ ಮಾತು ಹೋಗುತ್ತಾ ಬರುತ್ತಾ ದಿನ ಕಳೆಯಿತು. ಮಳೆ ಒಂದೆರಡು ಬಾರಿ ಬಂದು ಗೋಡೆಯನ್ನು ನೆನೆಸಿ ಹೋಯಿತು. ಗಾರೆಯವರು ಏಣಿ ಹಾಕಿಕೊಂಡು ಬೀಡಿ ಸೇದುತ್ತಾ ಕೂತಿದ್ದರು. ನಾನು ದೊಡ್ಡಮನೆಯಲ್ಲಿ ಒಬ್ಬನೇ ಉಣ್ಣುತ್ತಿದ್ದೆ. ಬಡಿಸುವವರು ಬಡಿಸಿ ದೂರ ನಿಲ್ಲುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೂ ಹೇಳುವ ಹಾಗಿರಲಿಲ್ಲ, ಅಡುಗೆಯವನು ಕಾಲಿಗೆ ಬಿದ್ದುಬಿಡುತ್ತಿದ್ದ. ಮನೆಯಲ್ಲಿ ಹೇಳಿದ್ದರೆ ಚೆನ್ನಾಜಿ ಉಪ್ಪಿನ ಭರಣಿಯನ್ನು ಟಣ್ಣನೆ ಮುಂದಿಡುತ್ತಿದ್ದಳು. ಆ ಟಣ್ ಎಂಬ ಸದ್ದು ಬೇಕೆನಿಸಿತು. ಆದರೆ ಅದನ್ನು ಯಾರ ಹತ್ತಿರ ಹೇಳುವುದು? ನಾನು ಅರಸುಮಗಳು.

ಒಂದು ಬೆಳಿಗ್ಗೆ ಷಡಕ್ಷರಿ ಓಡಿಬಂದ. “ಭಾವ, ಅಕ್ಕ ಪೇಟೆಬೀದಿ ದಾಟಿ ಸಭಾಮಂಟಪಕ್ಕೆ ಹೋಗಿದ್ದಾಳೆ. ನೀವು ಬರಬೇಕಂತೆ. ಎದುರೆದುರು ಮಾತಾಡಬೇಕಂತೆ.”

“ನಿಯಮ?”

“ನಾನೂ ಅದನ್ನೇ ಕೇಳಿದೆ. ಬರದಿದ್ರೆ ಹೆದರಿಕೊಂಡ್ರು ಅಂತ ಗೋಡೆ ಮೇಲೆ ಬರೆಸ್ತೀನಿ ಅಂದ್ಲು.”

ರೇಷ್ಮೆ ಶಾಲು ಹೊದ್ದು ಹೊರಟೆ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡೆ. ಅದರಲ್ಲಿ ರಕ್ತಸಂಬಂಧ, ಧರ್ಮ, ಮುದ್ರೆಯುಂಗುರ ಎಲ್ಲವೂ ಇತ್ತು. ಸಭಾಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಎಡಗೇರಿ, ಇನ್ನೊಂದು ಕಡೆ ಬಲಗೇರಿ. ಗೋಡೆಯ ಮುಂದೆ ಚೆನ್ನಾಜಿ ನಿಂತಿದ್ದಳು, ಮನೆಯಲ್ಲಿ ಉಡುವ ನೂಲಿನ ಸೀರೆಯಲ್ಲೇ. ಅವಳ ಹಿಂದೆ ಅದೇ ಮುಖದ ರಾಜಕುಮಾರ. ನಾನು ಹೋಗಿ ನನ್ನ ಮುಖದ ಮುಂದೆ ನಿಂತೆ. ಚಿತ್ರವೇ ಗೋಡೆಯಿಂದ ಇಳಿದು ಬಂದ ಹಾಗಿತ್ತು ಎಂದು ಆಮೇಲೆ ಹಲವರು ಹೇಳಿದರು.

“ಮಹಾಜನಗಳೇ,” ಎಂದು ನಾನು ಶುರುಮಾಡಿದೆ.

“ಇವರಿಗಲ್ಲ, ನನಗೆ ಹೇಳಿ,” ಎಂದಳು ಚೆನ್ನಾಜಿ.

“ಮುದ್ರೆಯುಂಗುರ ಮಗಳ ಕೈಯಲ್ಲಿದೆ...”

“ಇರಲಿ. ಗೋಡೆ ಯಾಕೆ ಬೀಳಬೇಕು?”

“ಹಕ್ಕು ಅಂತ ಒಂದು ಇರುತ್ತೆ, ಚೆನ್ನಾಜಿ. ನಿನಗೆ ಅದೆಲ್ಲ ಅರ್ಥ ಆಗಲ್ಲ.”

ಆ ಮಾತು ಬಾಯಿಯಿಂದ ಹಾರಿದ ಕೂಡಲೇ ತಪ್ಪಾಯಿತು ಎಂದು ಗೊತ್ತಾಯಿತು. ಬಲಗೇರಿಯ ಹೆಂಗಸರೂ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಅರ್ಥ ಆಗಲ್ವಾ?” ಅವಳ ಎಡ ಹುಬ್ಬು ಇನ್ನಷ್ಟು ಮೇಲೇರಿತು. “ಮದುವೆಯಾಗಿ ಬಂದಾಗಿನಿಂದ ಅಂಗಡಿಗೆ ಯಾರು ಬಂದು ನನ್ನ ಏನು ಕೇಳಿದ್ರೂ ನೀವೇ ಉತ್ತರ ಹೇಳಿದ್ರಿ. ‘ನಿಮ್ಮ ಊರು ಯಾವುದಮ್ಮ’ ಅಂದ್ರೂ ನೀವೇ. ‘ಜ್ವರ ಹೇಗಿದೆಯಮ್ಮ’ ಅಂದ್ರೂ ನೀವೇ, ‘ಪರವಾಗಿಲ್ಲ, ಇಳಿದಿದೆ’ ಅಂತ. ನನಗೆ ಇಳಿದಿರಲಿಲ್ಲ! ನನ್ನ ಮಾತು ಜನ ಪೂರ್ತಿ ಕೇಳಬೇಕಾದ್ರೆ ಯಾವನೋ ಸತ್ತ ರಾಜಕುಮಾರನ ಮೂಗು ಬೇಕಾಯ್ತು. ಈಗ ಆ ಮೂಗಿಗೂ ನೀವೇ ಉತ್ತರ ಹೇಳ್ತೀರಾ?”

ಮೊದಲು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ನನ್ನ ಹತ್ತಿರ ಭಾಷಣ ಇತ್ತು. ಅದರಲ್ಲಿ ಜ್ವರದ ವಿಷಯ ಎಲ್ಲೂ ಇರಲಿಲ್ಲ. ಅವಳ ಕಡೆಗೆ ನಡೆದು ಸಿಂಹಾಸನದ ನೇರಕ್ಕೆ ಬಂದು ನಿಂತೆ. ಕೊನೆಗೆ, “ಇಳಿದಿರಲಿಲ್ವಾ?” ಎಂದೆ.

“ಇಲ್ಲ.”

“ಮತ್ತೆ ನೀನು ಹಂಡೆ ತೊಳೀತಾ ಇದ್ದೆ ಅವತ್ತು.”

“ಹೌದು, ತೊಳೀತಾ ಇದ್ದೆ.”

ಆಗ ಗೋಡೆಯೊಳಗಿಂದ ಯಾರೋ ಗಂಟಲು ಸರಿಮಾಡಿಕೊಂಡಂಥ ಸದ್ದು ಬಂತು. ಇಬ್ಬರೂ ತಿರುಗಿ ನೋಡಿದೆವು. ಉಬ್ಬಿದ್ದ ಗಾರೆ ಮೆಲ್ಲಗೆ ಮುಂದಕ್ಕೆ ಬಾಗಿತು. ಚೆನ್ನಾಜಿ ನನ್ನ ಶಾಲು ಹಿಡಿದು ಜೋರಾಗಿ ಎಳೆದಳು. ನಾನು ಅವಳ ಮೇಲೆ ಬಿದ್ದೆ, ಸಿಂಹಾಸನ ನಾನು ನಿಂತಿದ್ದ ಜಾಗದಲ್ಲಿ ಬಿತ್ತು.

ಧೂಳು ಅಡಗುವವರೆಗೆ ಯಾರಿಗೂ ಯಾರೂ ಕಾಣಲಿಲ್ಲ. ಅಡಗಿದ ಮೇಲೆ ನೋಡಿದರೆ ನೆಲದ ಮೇಲೆ ಸುಣ್ಣದ ಗುಡ್ಡೆ. ಅದರಲ್ಲಿ ಸಿಂಹಾಸನವೂ ಇತ್ತು, ಸತ್ತ ಅರಸನೂ ಇದ್ದ. ಗೋಡೆಯ ನಡುವೆ ಬರೀ ಕಲ್ಲು ಮಣ್ಣು. ಅದರ ಆಚೆ ಈಚೆ, ಒಂದು ಗೀರೂ ಬೀಳದೆ, ಮಗಳು ಮತ್ತು ತಮ್ಮನ ಮಗ. ನಿಯಮ ಮೀರಿ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಮಾತಾಡಿದ್ದೆವು, ಮುಟ್ಟಿಕೊಂಡಿದ್ದೆವು. ಅದರಿಂದಲೇ ಬಿತ್ತು ಎಂದು ತೋಂಟಪ್ಪ ಅಂದರು. ನಡುವಿನಿಂದ ಶುರುಮಾಡಿದ್ದರೆ ಬೀಳುತ್ತಿರಲಿಲ್ಲ ಎಂದು ಗಾರೆಯವರು ಅಂದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ನಾನು ಕೇಳಿಸಿಕೊಂಡೆ.

ನನಗೆ ಕೆಮ್ಮು ಹತ್ತಿತ್ತು. ಚೆನ್ನಾಜಿ ಬೆನ್ನು ತಟ್ಟುತ್ತಿದ್ದಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ.

“ಮನೆಗೆ ಹೋಗೋಣ್ವಾ?” ಎಂದೆ ಉಸಿರು ಸಿಕ್ಕ ಮೇಲೆ.

“ಯಾರ ಮನೆಗೆ?” ಎಂದಳು.

ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಎಂದು ಅಷ್ಟು ಹೊತ್ತಿಗೆ ನನಗೂ ತಿಳಿದಿತ್ತು. ಎಡಗೇರಿಗೆ ಎಂದರೆ ಅದು ನಮ್ಮಪ್ಪನ ಮನೆ. ಬಲಗೇರಿಗೆ ಎಂದರೆ ಅವಳ ತಮ್ಮನದು. “ನೀನು ಹೇಳು,” ಎಂದೆ. ಆ ಎರಡು ಪದಗಳನ್ನು ಆಡುವುದು ಎಷ್ಟು ಕಷ್ಟ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ.

ಅವಳು ಯೋಚಿಸಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಬೇಕೆನಿಸಿತು, ಹಾಕಲಿಲ್ಲ.

“ಅಂಗಡಿ ಮೇಲಿನ ಅಟ್ಟಕ್ಕೆ,” ಎಂದಳು. “ಅದು ಯಾವ ಕೇರಿಗೂ ಸೇರಿಲ್ಲ.”

ಈಗ ನಾವು ಅಲ್ಲೇ ಇದ್ದೇವೆ, ಮಡಿಸಿಟ್ಟ ಶಾಮಿಯಾನಗಳ ನಡುವೆ, ಪೇಟೆಬೀದಿಯ ಮೇಲೆ. ಎರಡು ಕೇರಿಗಳೂ ಕೆಲವು ಕಾಲ ನಮಗೆ ಮುಖ ತೋರಿಸಲಿಲ್ಲ. ಎಡಗೇರಿಯವರಿಗೆ ಚೆನ್ನಾಜಿ ಕೈಬಿಟ್ಟಳೆಂಬ ಸಿಟ್ಟು. ಬಲಗೇರಿಯವರಿಗೆ ನನ್ನ ಮೇಲೆ ಸಿಟ್ಟಿಗಿಂತ ನೆಮ್ಮದಿಯೇ ಹೆಚ್ಚಿದ್ದಂತೆ ಕಂಡಿತು, ಅದು ನನಗೆ ಇನ್ನೂ ನೋಯುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಅಟ್ಟದ ಮೆಟ್ಟಿಲು ಹತ್ತಿ ಬರತೊಡಗಿದರು. ವ್ಯಾಜ್ಯ ಕೇಳುವುದು ಅವಳು. ನಾನು ಬಂದವರಿಗೆ ಕಾಫಿ ಕೊಡುತ್ತೇನೆ. ಅಪರೂಪಕ್ಕೆ ನನ್ನ ಅಭಿಪ್ರಾಯವನ್ನೂ ಕೇಳುತ್ತಾಳೆ. ಕೇಳಿದ ಮೇಲೆ ಬೇರೆಯದನ್ನೇ ಮಾಡುತ್ತಾಳೆ. ಆ ಮೂವರು ಹುಣಸೆಮರದವರು ಈಗ ಒಟ್ಟಿಗೆ ಹಣ್ಣು ಬಡಿಯುತ್ತಾರೆ. ಅದು ಹೇಗಾಯಿತು ಎಂದು ಕೇಳಲು ನನಗೆ ನಾಚಿಕೆ.

ಸಿಂಹಾಸನವನ್ನು ಮತ್ತೆ ಬರೆಸಬೇಕೆಂದು ಎರಡು ಕೇರಿಗಳೂ ಒಪ್ಪಿದವು. ಚಿತ್ರಗಾರನೂ ಬಂದ. ಅದರ ಕೈಗಳು ಸಿಂಹದ ಆಕಾರದಲ್ಲಿದ್ದವು ಎಂದು ಎಡಗೇರಿ, ಆನೆಯ ಸೊಂಡಿಲಿನ ಹಾಗಿದ್ದವು ಎಂದು ಬಲಗೇರಿ. ಹುಟ್ಟಿದಾಗಿನಿಂದ ನೋಡಿದವರೇ ಎಲ್ಲರೂ. ಚಿತ್ರಗಾರ ನಾಲ್ಕು ದಿನ ಕಾದು, ಊಟ ಚೆನ್ನಾಗಿತ್ತು ಎಂದು ಹೇಳಿ ಹೊರಟುಹೋದ. ನಡುವೆ ಗಾರೆಯವರು ಮೆತ್ತಿದ ಬಿಳಿಯ ಸುಣ್ಣ ಹಾಗೇ ಉಳಿದಿದೆ.

ಮೊನ್ನೆ ಪರವೂರಿನಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಸಭಾಮಂಟಪ ನೋಡಲು ಬಂದಿತ್ತು. ನಾವು ಅಲ್ಲೇ ಪಕ್ಕದಲ್ಲಿ ಒಂದು ನಾಮಕರಣದ ಚಪ್ಪರ ಕಟ್ಟಿಸುತ್ತಿದ್ದೆವು. ಗಂಡ ಗೋಡೆಯನ್ನು ದಿಟ್ಟಿಸಿ, ಇದು ಯಾವುದೋ ಪುರಾಣದ ಪ್ರಸಂಗ ಇರಬೇಕು ಎಂದ. ಹುಡುಗಿ ನಕ್ಕಳು. “ಪುರಾಣ ಏನಲ್ಲ, ನೋಡಿದ್ರೆ ಗೊತ್ತಾಗಲ್ವಾ? ಅವಳು ಏನೋ ಹೇಳ್ತಾ ಇದ್ದಾಳೆ, ಇವನು ಕೇಳಿಸಿಕೊಳ್ಳದೆ ಹುಬ್ಬು ಹಾರಿಸ್ತಾ ಇದ್ದಾನೆ. ಗಂಡ ಹೆಂಡತಿ ಜಗಳ.”

ಗಂಡ ಸಂಕೋಚದಿಂದ ನಮ್ಮ ಕಡೆ ತಿರುಗಿ, “ಕೊನೆಗೆ ಯಾರು ಗೆದ್ದರಂತೆ?” ಎಂದು ಕೇಳಿದ. ಆಗಲೇ ಹುಡುಗಿ ನಮ್ಮ ಮುಖಗಳನ್ನು ನೋಡಿದ್ದು. ನನ್ನನ್ನು ನೋಡಿದಳು, ಗೋಡೆ ನೋಡಿದಳು, ಚೆನ್ನಾಜಿಯನ್ನು ನೋಡಿದಳು, ಮತ್ತೆ ಗೋಡೆ ನೋಡಿದಳು. ಗಂಡನ ತೋಳು ಹಿಡಿದುಕೊಂಡಳು.

ಚೆನ್ನಾಜಿ ಚಪ್ಪರದ ಹಗ್ಗವನ್ನು ಬಿಗಿದು ಗಂಟು ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡಳು.

“ಇನ್ನೂ ಮುಗಿದಿಲ್ಲಪ್ಪ,” ಎಂದಳು.